ಕೈ ಹೋದ ರಾಜನ ಪರವಾಗಿ

ಎನ್, ಐ, ಎ, ಎಂ, ಎಚ್. ಈ ಐದು ಅಕ್ಷರಗಳನ್ನು ಸೇರಿಸಿ ಓದಿದರೆ ಏನಾಗುತ್ತದೆ, ಹೇಳಿ ನೋಡೋಣ. ನಿಯಾಮ್ ಎಂದಿರಾ? ನಾನೂ ಹಾಗೆಯೇ ಅಂದಿದ್ದೆ. ತಪ್ಪಂತೆ. ಅದು ‘ನೀವ್’. ದೋಹಾದಲ್ಲಿ ನಮ್ಮ ಆಫೀಸಿನಲ್ಲಿದ್ದ ಐರ್ಲೆಂಡಿನ ಎಂಜಿನಿಯರ್ ಬ್ರೆಂಡನ್ ಅವರ ಮಗಳ ಹೆಸರು. ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ ಅವರ ಮೇಜಿನ ಮೇಲಿದ್ದ ಫೋಟೋ ನೋಡಿ, ಈ ಹುಡುಗಿ ಯಾರು ಎಂದು ಕೇಳಿದ್ದೆ. ‘ನೀವ್’ ಎಂದರು. ಕೆಂಪು ಕೂದಲಿನ, ಮೂಗಿನ ತುಂಬ ಚುಕ್ಕೆಗಳಿದ್ದ ಆ ಮಗು ನಾನಾಗಿರುವುದು ಹೇಗೆ ಎಂದು ತಿಳಿಯದೆ ಸ್ವಲ್ಪ ಹೊತ್ತು ಅವರ ಮುಖವನ್ನೇ ನೋಡುತ್ತ ನಿಂತಿದ್ದೆ.

ನನ್ನ ಸಿಟ್ಟು ಶುರುವಾದದ್ದು ಅಲ್ಲಿಂದ. ಭಾಸ್ಕರ ಎಂಬ ನನ್ನ ಹೆಸರನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯುತ್ತೇವೋ ಹಾಗೆಯೇ ಓದಬಹುದು. ಅದರಲ್ಲಿ ಮೋಸವಿಲ್ಲ, ಮರೆಮಾಚಿದ ಅಕ್ಷರವಿಲ್ಲ. ಆದರೂ ಆ ಊರಿನಲ್ಲಿ ನನ್ನನ್ನು ಬಸ್ಕರ್, ಬಾಸ್ಕೆಟ್, ಒಮ್ಮೆಯಂತೂ ಬಸ್ ಡ್ರೈವರ್ ಎಂದು ಕರೆದವರಿದ್ದರು. ನಾನು ನಕ್ಕು ಸುಮ್ಮನಾಗಬೇಕು. ಇವರೋ, ಬರೆಯುವುದೊಂದು, ಓದುವುದೊಂದು. ನಾವು ತಪ್ಪಿ ಹೇಳಿದರೆ ತಾಳ್ಮೆಯಿಂದ ತಿದ್ದುತ್ತಾರೆ. ಲೋಕದಲ್ಲಿ ಅನ್ಯಾಯ ಎಂಬುದು ಬಹಳ ಸಣ್ಣ ಜಾಗಗಳಿಂದ ಶುರುವಾಗುತ್ತದೆ.

ಆದರೆ ಬ್ರೆಂಡನ್ ಒಳ್ಳೆಯ ಮನುಷ್ಯ. ನೀವ್ ಎಂದರೆ ಅವರ ಪುರಾಣದ ಒಬ್ಬ ದೇವಕನ್ಯೆ ಎಂದೂ, ಬಿಳಿಯ ಕುದುರೆಯ ಮೇಲೆ ಬಂದು ಒಬ್ಬ ವೀರನನ್ನು ಮುಪ್ಪಿಲ್ಲದ ನಾಡಿಗೆ ಕರೆದುಕೊಂಡು ಹೋದವಳೆಂದೂ ವಿವರಿಸಿದರು. ಆತನಿಗೆ ಊರಿನ ನೆನಪಾಗಿ ಮರಳಿ ಬಂದಾಗ ಮುನ್ನೂರು ವರ್ಷ ಕಳೆದಿತ್ತು. ಕುದುರೆಯಿಂದ ಜಾರಿ ನೆಲ ಮುಟ್ಟಿದ ಕೂಡಲೇ ಅಷ್ಟೂ ಮುಪ್ಪು ಒಟ್ಟಿಗೆ ಬಂದು ಮೈಮೇಲೆ ಬಿತ್ತು. ಕಥೆ ಕೇಳಿ ನನಗೆ ಮೈ ಜುಮ್ಮೆಂದಿತು. ಪ್ರತಿ ರಜೆಯಲ್ಲೂ ಬಜ್ಪೆಯಲ್ಲಿ ವಿಮಾನದಿಂದ ಇಳಿದು ನೆಲಕ್ಕೆ ಕಾಲಿಟ್ಟಾಗ ನನಗೆ ಆಗುತ್ತಿದ್ದುದೂ ಅದೇ ಅಲ್ಲವೇ? ಕರೆದೊಯ್ಯಲು ಬಂದವರೆಲ್ಲ ಮೊದಲು ಹೇಳುತ್ತಿದ್ದ ಮಾತು, ‘ಎಂತ ಭಾಸ್ಕರ, ಇಷ್ಟು ಹಣ್ಣಾಗಿದ್ದಿ?’

ನಾನು ಆಗ ಇಂಡಸ್ಟ್ರಿಯಲ್ ಏರಿಯಾದ ಒಂದು ಮರಗೆಲಸದ ಕಂಪನಿಯಲ್ಲಿ ಡ್ರಾಫ್ಟ್ಸ್‌ಮನ್. ದೋಹಾದ ತುಂಬ ಎತ್ತೆತ್ತರದ ಕಟ್ಟಡಗಳು ಏಳುತ್ತಿದ್ದ ಕಾಲ. ಅವುಗಳಿಗೆ ಬೇಕಾದ ಬಾಗಿಲು, ಕಪಾಟುಗಳ ನಕ್ಷೆ ಬರೆಯುವುದು ನನ್ನ ಕೆಲಸ. ಬ್ರೆಂಡನ್ ಸೈಟಿಗೆ ಹೊರಟಾಗಲೆಲ್ಲ ನಕ್ಷೆಯ ಸುರುಳಿ ಹಿಡಿದು ನಾನೂ ಅವರ ಗಾಡಿಯಲ್ಲಿ ಕೂರಬೇಕು. ಆಗಿನ ದೋಹಾ ಎಂದರೆ ರೌಂಡಬೌಟುಗಳ ಊರು. ಒಂದೊಂದರಲ್ಲೂ ಗಾಡಿಗಳು ಜೇನುಹುಳಗಳಂತೆ ಸುತ್ತುತ್ತಿದ್ದವು. ಹಿಂದಿನವರು ಹಾರ್ನ್ ಒತ್ತಿ ‘ಯಲ್ಲಾ, ಯಲ್ಲಾ’ ಎಂದು ಕಿರುಚುತ್ತಿದ್ದರು. ಬ್ರೆಂಡನ್ ನುಗ್ಗುವ ಜಾತಿಯವರಲ್ಲ. ದಾರಿ ಸಿಗುವ ತನಕ ಕಾಯುತ್ತ ಕಥೆ ಹೇಳುತ್ತಿದ್ದರು. ಐರ್ಲೆಂಡಿನ ದೇವರುಗಳ ಪರಿಚಯ ನನಗಾದದ್ದು ಹೀಗೆ, ಏಸಿಯ ತಂಪಿನಲ್ಲಿ.

ಆ ದೇವರುಗಳಿಗೆ ದಾನು ಎಂಬ ತಾಯಿಯ ಮಕ್ಕಳು ಎಂದು ಹೆಸರು. ಕೇಳಿದ್ದೇ ನನ್ನ ಕಿವಿ ನೆಟ್ಟಗಾಯಿತು. ನಮ್ಮ ಪುರಾಣದಲ್ಲೂ ದನು ಎಂಬ ತಾಯಿ ಇದ್ದಾಳೆ. ಅವಳ ಮಕ್ಕಳು ದಾನವರು. ತಾಯಂದಿರ ಹೆಸರು ಹೆಚ್ಚು ಕಡಿಮೆ ಒಂದೇ, ಮಕ್ಕಳು ಅಲ್ಲಿ ದೇವರಾದರು, ಇಲ್ಲಿ ರಾಕ್ಷಸರಾದರು! ಇಬ್ಬರಿಗೂ ಸಂಬಂಧ ಉಂಟೋ ಇಲ್ಲವೋ ಪಂಡಿತರು ಹೇಳಲಿ. ನಮ್ಮ ದನುವಿನ ಪರವಾಗಿ ನನಗೆ ಸಿಟ್ಟು ಬಂದದ್ದಂತೂ ನಿಜ.

ಅವರಲ್ಲಿ ಲೂ ಎಂಬ ಒಬ್ಬ ದೇವರಿದ್ದಾನೆ. ಅವನ ಹೆಸರಿನ ಕೊನೆಯಲ್ಲೂ ಎರಡು ಅಕ್ಷರಗಳು ಏನೂ ಕೆಲಸ ಮಾಡದೆ ಸಂಬಳ ತಿನ್ನುತ್ತಿವೆ, ಇರಲಿ. ಆತ ರಾಜಧಾನಿಯ ಬಾಗಿಲಿಗೆ ಬಂದು ಒಳಗೆ ಬಿಡಿ ಎಂದಾಗ ಕಾವಲುಗಾರ ಕೇಳುತ್ತಾನೆ, ‘ಏನು ಕೆಲಸ ಬರುತ್ತದೆ?’ ಬಡಗಿ ಎಂದರೆ, ನಮ್ಮಲ್ಲಿ ಬಡಗಿ ಇದ್ದಾನೆ. ಕಮ್ಮಾರ ಎಂದರೆ, ಅವನೂ ಇದ್ದಾನೆ. ವೈದ್ಯ, ಕವಿ, ವೀಣೆ ನುಡಿಸುವವ, ಯೋಧ, ಎಲ್ಲರೂ ಇದ್ದಾರೆ, ಹೋಗು. ದೇವರನ್ನು ಹೀಗೆ ಬಾಗಿಲಲ್ಲಿ ನಿಲ್ಲಿಸಿ ಇಂಟರ್‌ವ್ಯೂ ಮಾಡುವುದೇ? ಮುಂಬಯಿಯ ಏಜೆಂಟನ ಆಫೀಸಿನ ಮುಂದೆ ಬಿಸಿಲಲ್ಲಿ ಸರದಿ ನಿಂತವರಿಗೆ ಗೊತ್ತು ಆ ಕಾವಲುಗಾರ ಎಂಥವನೆಂದು. ‘ಇವೆಲ್ಲವನ್ನೂ ಬಲ್ಲ ಒಬ್ಬನೇ ಮನುಷ್ಯ ನಿಮ್ಮಲ್ಲಿ ಇದ್ದಾನೆಯೇ?’ ಎಂದು ಲೂ ತಿರುಗಿ ಕೇಳಿದ ಮೇಲಷ್ಟೇ ಬಾಗಿಲು ತೆರೆಯಿತಂತೆ.

ಇನ್ನೂ ದೊಡ್ಡ ಅನ್ಯಾಯ ಭೂಮಿಯ ಪಾಲಿನಲ್ಲಿ ಆದದ್ದು. ಮನುಷ್ಯರು ಐರ್ಲೆಂಡಿಗೆ ಬಂದು ದೇವರುಗಳನ್ನು ಗೆದ್ದರು. ಕೊನೆಗೆ ಪಂಚಾಯಿತಿಯಾಗಿ ದೇಶವನ್ನು ಎರಡು ಪಾಲು ಮಾಡಿದರು. ಒಳ್ಳೆಯದೇ. ಆದರೆ ಹೇಗೆ? ನೆಲದ ಮೇಲಿನ ಭಾಗ ಮನುಷ್ಯರಿಗೆ, ನೆಲದ ಕೆಳಗಿನ ಭಾಗ ದೇವರಿಗೆ! ದಕ್ಷಿಣ ಕನ್ನಡದ ಕೋರ್ಟುಗಳಲ್ಲಿ ಅಣ್ಣತಮ್ಮಂದಿರ ಪಾಲುಪಟ್ಟಿಯ ಎಂತೆಂಥ ಕಿತಾಪತಿಗಳನ್ನು ಕೇಳಿದವನು ನಾನು. ಇಂಥದ್ದನ್ನು ಕೇಳಿರಲಿಲ್ಲ. ಅಂದಿನಿಂದ ಆ ದೇವರುಗಳು ಗುಡ್ಡಗಳ ಒಳಗೆ ವಾಸವಾಗಿದ್ದಾರೆ. ಜನ ಬರಬರುತ್ತ ಅವರನ್ನು ದೇವರೆನ್ನುವುದನ್ನೂ ಬಿಟ್ಟು ಗುಡ್ಡದ ಯಕ್ಷಿಣಿಗಳು ಎಂದರು.

‘ಈಗ ಅವರಿಗೆ ಪೂಜೆ ಯಾರು ಮಾಡುತ್ತಾರೆ?’ ಎಂದು ಕೇಳಿದೆ.

‘ಯಾರೂ ಇಲ್ಲ. ಹಳೆಯ ಮಠದ ಪಾದ್ರಿಗಳು ಕಥೆಗಳನ್ನು ಬರೆದಿಟ್ಟರು. ನಾವು ಓದುತ್ತೇವೆ, ಅಷ್ಟೆ’ ಎಂದರು ಬ್ರೆಂಡನ್.

ನಮ್ಮೂರಿನಲ್ಲಿ ಒಂದು ವರ್ಷ ದೈವದ ಸೇವೆಯಾದ ಕೋಲ ತಪ್ಪಿದರೆ ಆ ದೈವ ಮುಂದಿನ ವರ್ಷ ಎಲ್ಲರ ಎದುರೇ ಊರಿನ ದೊಡ್ಡ ಮನೆಯಾದ ಗುತ್ತಿನ ಯಜಮಾನರನ್ನು ನಿಲ್ಲಿಸಿ ಕಾರಣ ಕೇಳುತ್ತದೆ. ಸಾವಿರಾರು ವರ್ಷ ಒಂದು ತೆಂಗಿನಕಾಯಿಯೂ ಇಲ್ಲದೆ ಗುಡ್ಡದೊಳಗೆ ಕುಳಿತ ದೇವರುಗಳು ಒಮ್ಮೆಯೂ ಎದ್ದು ಬಂದು ಕೇಳಲಿಲ್ಲವಲ್ಲ! ಅವರ ಸೌಜನ್ಯದ ಮೇಲೂ ನನಗೆ ಸಿಟ್ಟು ಬಂತು.

ಆದರೆ ಇವೆಲ್ಲ ಹಗುರದ ಸಿಟ್ಟುಗಳು. ನಿಜವಾದ ಸಿಟ್ಟು ಬಂದದ್ದು ನುವದನ ಕಥೆ ಕೇಳಿದ ದಿನ.

ನುವದ ಆ ದೇವರುಗಳ ರಾಜ. ಅವರು ಐರ್ಲೆಂಡಿಗೆ ಬಂದಾಗ ಅಲ್ಲಿ ಮೊದಲೇ ಇದ್ದವರೊಡನೆ ದೊಡ್ಡ ಯುದ್ಧವಾಯಿತು. ನುವದ ಮುಂದೆ ನಿಂತು ಕಾದಿದ. ಶತ್ರುವಿನ ಕತ್ತಿ ಅವನ ಬಲತೋಳನ್ನು ಕತ್ತರಿಸಿತು. ಆದರೂ ಅವನ ಕಡೆಯವರು ಗೆದ್ದರು. ಗೆದ್ದ ಮೇಲೆ ಅವರು ಮಾಡಿದ ಮೊದಲ ಕೆಲಸ ಯಾವುದು? ನುವದನನ್ನು ಸಿಂಹಾಸನದಿಂದ ಇಳಿಸಿದ್ದು. ಅಂಗ ಊನವಾದವನು ರಾಜನಾಗಿರಬಾರದು ಎಂಬ ಕಾನೂನಿತ್ತಂತೆ! ಅವನ ಜಾಗದಲ್ಲಿ ಬ್ರೆಸ್ ಎಂಬ ಬಹಳ ಸುಂದರನಾದ ಯುವಕನನ್ನು ಕೂರಿಸಿದರು. ಆ ಸುಂದರ ಎಂಥ ಜಿಪುಣನೆಂದರೆ ಅವನ ಮನೆಗೆ ಹೋದ ಅತಿಥಿಗಳು ಬಾಯಿ ಒಣಗಿಸಿಕೊಂಡು ಬರುತ್ತಿದ್ದರು. ದೊಡ್ಡ ದೊಡ್ಡ ದೇವರುಗಳನ್ನು ಹಳ್ಳ ತೋಡಲು, ಸೌದೆ ಹೊರಲು ಹಚ್ಚಿದ.

ಇತ್ತ ದೇವವೈದ್ಯ ನುವದನಿಗೆ ಬೆಳ್ಳಿಯ ಕೈ ಮಾಡಿ ಜೋಡಿಸಿದ. ವೈದ್ಯನ ಮಗ ಇನ್ನೂ ಮುಂದೆ ಹೋಗಿ, ಕೀಲಿಗೆ ಕೀಲು, ನರಕ್ಕೆ ನರ ಕೂಡಿಸಿ ನಿಜವಾದ ಕೈಯನ್ನೇ ಬೆಳೆಸಿದ. ತನಗಿಂತ ಮಗ ಜಾಣನಾದ ಎಂಬ ಹೊಟ್ಟೆಕಿಚ್ಚಿನಿಂದ ತಂದೆ ಆ ಮಗನನ್ನು ಕೊಂದ. ಬ್ರೆಸ್‌ನನ್ನು ಓಡಿಸಿ ನುವದನನ್ನು ಮತ್ತೆ ರಾಜ ಮಾಡಿದ್ದು ಎಷ್ಟೋ ವರ್ಷಗಳ ಮೇಲೆ.

‘ಇದೆಂಥ ಕಾನೂನು!’ ಎಂದು ನಾನು ಗಾಡಿಯೊಳಗೇ ಕೂಗಿದೆ. ‘ಅವನ ಕೈ ಹೋದದ್ದು ಯಾರಿಗಾಗಿ? ಇಸ್ಪೀಟಾಡಿ ಕಳೆದುಕೊಂಡನೇ?’

‘ಬಾಸ್ಕರ್, ಇದು ನಡೆದು ಬಹಳ ಕಾಲವಾಯಿತು’ ಎಂದು ಬ್ರೆಂಡನ್ ಸಮಾಧಾನ ಮಾಡಿದರು. ಹಿಂದಿನವನು ಹಾರ್ನ್ ಒತ್ತಿದ. ಅವನಿಗೂ ನಾಲ್ಕು ಮಾತು ಹೇಳೋಣವೆನಿಸಿತು.

ಅಲ್ ಥುಮಾಮಾದ ನಮ್ಮ ಫ್ಲಾಟಿಗೆ ಬಂದು ಹೆಂಡತಿ ವಿಜಯಳ ಮುಂದೆ ಅದೇ ಆವೇಶದಲ್ಲಿ ಇಡೀ ಕಥೆ ಹೇಳಿದೆ. ಅವಳು ಬಂಗುಡೆ ಮೀನಿಗೆ ಮಸಾಲೆ ಹಚ್ಚುತ್ತಿದ್ದಳು. ತಲೆ ಎತ್ತದೆ ಕೇಳಿದಳು, ‘ನಮ್ಮವರು ಧೃತರಾಷ್ಟ್ರನಿಗೆ ಎಂತ ಮಾಡಿದ್ದು ಮತ್ತೆ?’

ಹೌದಲ್ಲ. ಕುರುಡನೆಂದು ಹಿರಿಯವನನ್ನು ಬಿಟ್ಟು ತಮ್ಮನಿಗೆ ಪಟ್ಟ ಕಟ್ಟಿದ್ದು ನಾವೇ. ಅದಕ್ಕೂ ಹಿಂದೆ ಶಂತನುವಿನ ಅಣ್ಣ ದೇವಾಪಿಗೆ ಚರ್ಮರೋಗವಿದೆ ಎಂದು ರಾಜ್ಯ ತಪ್ಪಿಸಿದ್ದರು. ಸಿಟ್ಟು ಮಾಡಲು ಐರ್ಲೆಂಡಿಗೆ ಹೋಗುವ ಅಗತ್ಯವೇ ಇರಲಿಲ್ಲ. ಆದರೆ ಒಮ್ಮೆ ಬಂದ ಸಿಟ್ಟನ್ನು ವಾಪಸು ಕಳಿಸುವುದು ಹೇಗೆ? ಈಗ ಎರಡು ದೇಶಗಳ ಮೇಲೆ ಸಿಟ್ಟಾಗಿದ್ದೆ.

ಈ ಪುರಾಣದ ಸಂಗತಿಗಳೆಲ್ಲ ನನಗೆ ಬಾಯಿಗೆ ಬರುವುದಕ್ಕೆ ಕಾರಣ ನಮ್ಮ ಶುಕ್ರವಾರದ ತಾಳಮದ್ದಳೆ. ತಾಳಮದ್ದಳೆ ಎಂದರೆ ವೇಷವಿಲ್ಲದ, ಕುಣಿತವಿಲ್ಲದ ಯಕ್ಷಗಾನ; ಭಾಗವತರು ಪದ ಹಾಡುತ್ತಾರೆ, ಅರ್ಥಧಾರಿಗಳು ಕುಳಿತಲ್ಲೇ ರಾಮ ರಾವಣರಾಗಿ ಮಾತಿನಲ್ಲೇ ಕಾದಾಡುತ್ತಾರೆ. ದೋಹಾದ ಅಂಚಿನ ಮುಐದರಿನಲ್ಲಿ ಹಮೀದ್ ಬ್ಯಾರಿಗಳು ಬಾಡಿಗೆಗೆ ಹಿಡಿದಿದ್ದ ವಿಲ್ಲಾದ ಹಾಲ್ ನಮ್ಮ ರಂಗಸ್ಥಳ. ಉಳ್ಳಾಲದವರಾದ ಅವರಿಗೆ ದೋಹಾದಲ್ಲಿ ಬಟ್ಟೆಯಂಗಡಿ. ಚೆಂಡೆಯ ಸದ್ದು ಕೇಳಿದರೆ ಅಂಗಡಿಯನ್ನೂ ಮರೆಯುವವರು. ಅಕೌಂಟ್ಸ್ ಕೆಲಸದ ಗಣಪತಿ ಭಟ್ಟರು ಭಾಗವತರು. ನಾನು ಸಣ್ಣಪುಟ್ಟ ಪಾತ್ರಗಳ ಅರ್ಥಧಾರಿ. ನಮ್ಮೆಲ್ಲರ ನಡುವೆ ನಿಜವಾದ ಮಾತುಗಾರ ಸದಾನಂದಣ್ಣ.

ಸದಾನಂದಣ್ಣ ಕಾರ್ಕಳದ ಕಡೆಯವರು, ನಮ್ಮ ಕಂಪನಿಯ ವರ್ಕ್‌ಶಾಪಿನಲ್ಲೇ ಫೋರ್‌ಮನ್. ಶಕುನಿ, ದುರ್ಯೋಧನ, ವಾಲಿ, ಹೀಗೆ ಸೋಲುವವರ ಪಾತ್ರಗಳನ್ನೇ ಆರಿಸಿಕೊಳ್ಳುತ್ತಿದ್ದರು. ಅವರ ಮಾತಿನಷ್ಟೇ ಅವರ ಬಲಗೈಯೂ ಮಾತಾಡುತ್ತಿತ್ತು. ದುರ್ಯೋಧನನಾಗಿ ಆ ಕೈಯನ್ನು ಒಮ್ಮೆ ಬೀಸಿದರೆ ಎದುರು ಕುಳಿತ ಕೃಷ್ಣ ಸಂಧಾನ ಮರೆತು ಹಿಂದೆ ಸರಿಯುತ್ತಿದ್ದ. ಆ ಕೃಷ್ಣ ಎಷ್ಟೋ ಸಲ ನಾನೇ ಆಗಿದ್ದೆ.

ನುವದನ ಕಥೆ ಕೇಳಿ ಹೆಚ್ಚು ಕಾಲವಾಗಿರಲಿಲ್ಲ. ಒಂದು ಮಧ್ಯಾಹ್ನ ವರ್ಕ್‌ಶಾಪಿನ ಗರಗಸದ ಯಂತ್ರದಲ್ಲಿ ಹಲಗೆಯೊಂದು ಸಿಕ್ಕಿಕೊಂಡು ಎಗರಿತು. ಯಂತ್ರ ನಡೆಸುತ್ತಿದ್ದ ಕೆಲಸಗಾರನನ್ನು ಸದಾನಂದಣ್ಣ ಎಡಗೈಯಿಂದ ಹಿಂದಕ್ಕೆ ತಳ್ಳಿದರು. ಬಲಗೈ ಹಲಗೆಯ ಜೊತೆ ಒಳಗೆ ಹೋಯಿತು. ಆ ಕೆಲಸಗಾರನಿಗೆ ಏನೂ ಆಗಲಿಲ್ಲ. ಸದಾನಂದಣ್ಣನ ನಾಲ್ಕು ಬೆರಳುಗಳು ಹೋದವು.

ಆಸ್ಪತ್ರೆಗೆ ಹೋದಾಗ ನಾನು ಮಂಚದ ಕಬ್ಬಿಣವನ್ನು ಹಿಡಿದುಕೊಂಡು ನಿಂತಿದ್ದೆ. ನಮ್ಮಿಬ್ಬರ ಮಾತು ತುಳುವಿನಲ್ಲಿ. ಅವರೇ ಮೊದಲು ಬಾಯಿ ತೆರೆದರು. ‘ಭಾಸ್ಕರಣ್ಣ, ಏಕಲವ್ಯನಿಗೆ ಹೆಬ್ಬೆರಳು ಮಾತ್ರ ಹೋದದ್ದು. ನನಗೆ ಹೆಬ್ಬೆರಳು ಮಾತ್ರ ಉಳಿದದ್ದು. ಇಬ್ಬರನ್ನೂ ಸೇರಿಸಿದರೆ ಒಂದು ಪೂರ್ತಿ ಕೈ ಆಗ್ತದೆ, ಅಲ್ವಾ?’ ಎಂದು ನಗಲು ನೋಡಿದರು. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿದರು.

ಗಾಯ ಮಾಯುತ್ತ ಬಂದಾಗ ಮ್ಯಾನೇಜರು ನನ್ನನ್ನು ಕರೆಸಿದರು. ಸೂಟು ಬೂಟು, ಒಂದು ಕೂದಲೂ ಆಚೀಚೆ ಇರದ ತಲೆ. ನೋಡಲು ಬಹಳ ಚಂದದ ಮನುಷ್ಯ. ಸದಾನಂದನಿಗೆ ವಿಷಯ ಅವನ ಭಾಷೆಯಲ್ಲಿ ತಿಳಿಸಬೇಕು ಎಂದರು. ವಿಷಯ ಇಷ್ಟು: ಚಿಕಿತ್ಸೆ ಮುಗಿದ ಮೇಲೆ ಅವರನ್ನು ಊರಿಗೆ ಕಳಿಸಲಾಗುವುದು.

‘ಫೋರ್‌ಮನ್ ಕೆಲಸ ಕಣ್ಣಿನದು, ಬಾಯಿಯದು ಸರ್. ಬೆರಳಿನದಲ್ಲ’ ಎಂದೆ.

‘ನನಗೆ ಗೊತ್ತು. ಆದರೆ ದೊಡ್ಡ ದೊಡ್ಡ ಗಿರಾಕಿಗಳು ವರ್ಕ್‌ಶಾಪ್ ನೋಡಲು ಬರುತ್ತಾರೆ. ಫೋರ್‌ಮನ್ ಕಂಪನಿಯ ಮುಖ. ಆ ಕೈ ನೋಡಿ ಅವರು ಏನು ಅಂದುಕೊಳ್ಳುತ್ತಾರೆ? ನಮ್ಮಲ್ಲಿ ಸುರಕ್ಷತೆ ಇಲ್ಲ ಎಂದಲ್ಲವೇ? ಇದರಲ್ಲಿ ವೈಯಕ್ತಿಕವಾದದ್ದು ಏನೂ ಇಲ್ಲ. ಖಲಾಸ್.’

ಅಂಗ ಊನವಾದವನು ರಾಜನಾಗಿರಬಾರದು! ಅಷ್ಟು ಹಳೆಯ ಕಾನೂನು ಗುಡ್ಡದೊಳಗಿಂದ ಎದ್ದು ಬಂದು, ಟೈ ಕಟ್ಟಿಕೊಂಡು, ನನ್ನೆದುರು ಕುರ್ಚಿಯಲ್ಲಿ ಕುಳಿತು ಪೆನ್ನು ತಿರುಗಿಸುತ್ತಿತ್ತು. ಬ್ರೆಂಡನ್‌ಗೆ ಹೇಳಿದಾಗ ಅವರ ಮುಖ ಕೆಂಪಾಯಿತು. ಅವರೂ ಹೋಗಿ ವಾದಿಸಿ ಬಂದರು. ‘ಗೋಡೆಗೆ ಹೇಳಿದರೂ ಒಂದೇ’ ಎಂದು ತಲೆ ಆಡಿಸಿದರು.

ನನಗೆ ಬಂದ ಸಿಟ್ಟಿಗೆ ಏನಾದರೂ ಮಾಡಲೇಬೇಕಿತ್ತು. ಯೋಧನಾಗಿದ್ದರೆ ಕತ್ತಿ ಹಿರಿಯುತ್ತಿದ್ದೆ. ಡ್ರಾಫ್ಟ್ಸ್‌ಮನ್ ಆದ್ದರಿಂದ ಪೆನ್ಸಿಲ್ ಚೂಪು ಮಾಡಿ ‘ನುವದ ವಿಜಯ’ ಎಂಬ ಯಕ್ಷಗಾನ ಪ್ರಸಂಗ ಬರೆಯಲು ಕುಳಿತೆ. ನನ್ನ ಪದ್ಯಗಳು ಕುಂಟುತ್ತಿದ್ದವು ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಭಟ್ಟರು ಓದಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

‘ಇದು ಭಾಮಿನಿ ಷಟ್ಪದಿಯಾ, ಮಾರಾಯ್ರೆ? ಎಲ್ಲಿ ಹಿಡಿದರೂ ಒಂದು ಮಾತ್ರೆ ಹೆಚ್ಚು. ಮತ್ತೆ ಈ ವೈದ್ಯನ ಹೆಸರು ಯಾವ ತಾಳಕ್ಕೂ ಕೂರುದಿಲ್ಲ.’

‘ವೈದ್ಯ ಅಂತಲೇ ಹಾಡಿ.’

‘ಹಾಡುವ. ಕಥೆ ಒಳ್ಳೇದುಂಟು. ಆದರೆ ಸದಾನಂದಣ್ಣ ಒಪ್ತಾರಾ?’

ಅವರು ಒಪ್ಪದಿರುವುದು ಹೇಗೆ ಎಂದು ನನ್ನ ಎಣಿಕೆ. ಅವರಿಗೆಂದೇ ನುವದನ ಪಾತ್ರವನ್ನು ಬೆಳೆಸಿದ್ದೆ. ಕೇಳುವವರು ಕಣ್ಣೀರಿಡಬೇಕು, ಕಂಪನಿಯವರ ಕಿವಿಗೂ ಅದು ಮುಟ್ಟಬೇಕು. ದೋಹಾ ಅಲ್ ಜದೀದಾ ಬಡಾವಣೆಯಲ್ಲಿದ್ದ ಸದಾನಂದಣ್ಣನ ರೂಮಿಗೆ ಹೋಗಿ ಕಥೆ ಹೇಳಿ ಪ್ರಸಂಗ ಮುಂದಿಟ್ಟೆ. ಅವರು ಎಡಗೈಯಿಂದ ಹಾಳೆ ಮಗುಚುತ್ತ ಪೂರ್ತಿ ಓದಿದರು.

‘ನನ್ನನ್ನು ನಡುವಿನಲ್ಲಿ ಕೂರಿಸಿ ಎಲ್ಲರೂ ಸುತ್ತ ಕೂತು ಅಳುದಾ?’ ಎಂದು ಕೇಳಿದರು. ದನಿ ಏರಲಿಲ್ಲ, ಆದರೆ ಅಂಥ ದನಿಯನ್ನು ಅವರಿಂದ ನಾನು ಕೇಳಿರಲಿಲ್ಲ. ‘ನನ್ನ ಕೈಯ ಕಥೆ ಮಾಡಿ ಅಂತ ನಿಮಗೆ ಯಾರು ಹೇಳಿದ್ದು?’

ಅವರು ಹಾಳೆಗಳನ್ನು ನನಗೆ ತಿರುಗಿಸಿ ಕೊಡುವವರಿದ್ದರು. ಮತ್ತೆ ಏನೋ ಯೋಚಿಸಿ ಹಿಂದೆಳೆದುಕೊಂಡರು. ‘ಇದರಲ್ಲಿ ಸಭೆಯ ಹಿರಿಯ ಅಂತ ಒಬ್ಬ ಇದ್ದಾನಲ್ಲ. ರಾಜನನ್ನು ಇಳಿಸುವವ. ಅವನಿಗೆ ನೀವು ಎರಡೇ ಮಾತು ಬರೆದಿದ್ದೀರಿ.’

‘ಅವನಿಗೆ ಹೇಳಲು ಎಂತ ಉಂಟು? ಅವನದ್ದು ಅನ್ಯಾಯ.’

‘ಹಾಗಾದರೆ ಅವನ ಪಾತ್ರ ನನಗೆ. ನುವದ ನೀವೇ ಹೇಳಿ.’

ಆ ಶುಕ್ರವಾರ ಸಂಜೆ ಮುಐದರಿನ ಹಾಲ್ ತುಂಬಿತ್ತು. ಬ್ರೆಂಡನ್‌ರನ್ನೂ ಕರೆದಿದ್ದೆ, ಹಮೀದ್ ಬ್ಯಾರಿಗಳು ಅವರಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿ, ಸುಲೈಮಾನಿ ಚಹಾ ಕೊಟ್ಟು, ಪಕ್ಕದಲ್ಲೇ ಕುಳಿತರು. ಸದಾನಂದಣ್ಣ ಬಿಳಿ ಅಂಗಿ, ಬಿಳಿ ಪಂಚೆಯಲ್ಲಿ ನನ್ನೆದುರು ಕುಳಿತಿದ್ದರು. ಬಲಗೈ ಮಡಿಲಲ್ಲಿ ಶಾಲಿನ ಕೆಳಗಿತ್ತು.

ಭಟ್ಟರು ಪದ ಎತ್ತಿದರು. ನಾನು ನುವದನಾಗಿ ಆರ್ಭಟದಿಂದಲೇ ಶುರು ಮಾಡಿದೆ. ‘ಎಲೈ ಹಿರಿಯನೇ, ಈ ತೋಳು ಬಿದ್ದದ್ದು ಯಾರಿಗಾಗಿ? ನಿಮ್ಮ ಮನೆ, ನಿಮ್ಮ ಮಕ್ಕಳು, ನಿಮ್ಮ ಹೊಲಗಳಿಗಾಗಿ ಅಲ್ಲವೇ?’

ಸದಾನಂದಣ್ಣ ಅವಸರ ಮಾಡಲಿಲ್ಲ. ‘ಅಹುದು ನುವದ. ತೋಳು ಹೋಯಿತು, ನೋವು ನಿನ್ನದು, ಕೀರ್ತಿಯೂ ನಿನ್ನದು. ಆದರೆ ನಮಗಾಗಿ ಕೊಟ್ಟೆ ಎಂದು ನಿನ್ನ ಬಾಯಿಂದಲೇ ಬಂದ ಕೂಡಲೇ ಅದು ತ್ಯಾಗವಾಗಿ ಉಳಿಯಿತೇ? ತೋಳಿಗೆ ಬದಲಾಗಿ ಸಿಂಹಾಸನ ಕೇಳುವವನು ರಾಜನೋ, ವ್ಯಾಪಾರಿಯೋ?’

ನನಗೆ ಅಲ್ಲೇ ಮೊದಲ ಪೆಟ್ಟು. ಏನೋ ಹೇಳಿದೆ. ಅವರು ಮುಂದುವರಿದರು. ‘ಹೊರನಾಡಿನವರು ಈ ಸಭೆಗೆ ಬರುತ್ತಾರೆ. ಅವರು ಏನನ್ನು ನೋಡುತ್ತಾರೆ? ನಮ್ಮ ಗೆಲುವನ್ನು ನೋಡುವುದಿಲ್ಲ. ನಮ್ಮ ಕೋಟೆಯನ್ನು ನೋಡುವುದಿಲ್ಲ. ಇದನ್ನು ನೋಡುತ್ತಾರೆ.’

ಶಾಲು ಸರಿಸಿ ಬಲಗೈಯನ್ನು ಎತ್ತಿದರು. ಒಂದು ಹೆಬ್ಬೆರಳು, ಉಳಿದದ್ದು ಹೊಸ ಚರ್ಮ ಬಂದ, ಇನ್ನೂ ಕೆಂಪಗಿದ್ದ ಮೊಂಡು. ‘ನೀನು ಆ ಪೀಠದಲ್ಲಿ ಇರುವಷ್ಟು ಕಾಲ ನಮಗೆ ಯುದ್ಧ ಮುಗಿಯುವುದಿಲ್ಲ. ಬೆಳಗಾದರೆ ಜನ ನಿನ್ನನ್ನು ನೋಡಬೇಕು, ಆ ದಿನವನ್ನು ನೆನೆಯಬೇಕು. ಮರೆಯುವ ಹಕ್ಕು ಜನರಿಗೆ ಇಲ್ಲವೇ? ಇಳಿದು ಬಿಡು ನುವದ. ನಿನ್ನ ಮೇಲೆ ದ್ವೇಷವಿಲ್ಲ. ಇದರಲ್ಲಿ ವೈಯಕ್ತಿಕವಾದದ್ದು ಏನೂ ಇಲ್ಲ.’

ಎರಡು ಕೈ, ಹತ್ತು ಬೆರಳು ಇಟ್ಟುಕೊಂಡು ನಾನು ಬಾಯಿ ತೆರೆದು ಕುಳಿತಿದ್ದೆ. ವಾರಗಟ್ಟಲೆ ಬರೆದ ಸಿಟ್ಟಿನ ಒಂದು ಸಾಲೂ ನೆನಪಿಗೆ ಬರಲಿಲ್ಲ. ಭಟ್ಟರು ನನ್ನ ಸ್ಥಿತಿ ನೋಡಿ ಕನಿಕರದಿಂದ ಮುಂದಿನ ಪದ ಎತ್ತಿದರು. ಪ್ರಸಂಗದ ಪ್ರಕಾರ ನುವದನಿಗೆ ಕೈ ಬಂತು, ರಾಜ್ಯವೂ ಮರಳಿತು. ಆದರೆ ಆ ದಿನ ಗೆದ್ದವರು ಯಾರೆಂದು ಎಲ್ಲರಿಗೂ ಗೊತ್ತಿತ್ತು.

ಮುಗಿದ ಮೇಲೆ ಹಮೀದ್ ಬ್ಯಾರಿಗಳು ನೇರವಾಗಿ ಬಂದರು. ಅವರ ಕಣ್ಣು ಒದ್ದೆಯಾಗಿತ್ತು, ಸಿಟ್ಟೂ ಇತ್ತು. ‘ಎಂತ ಸದಾನಂದಣ್ಣ, ನೀವು ಆ ಮ್ಯಾನೇಜರನ ಪಾರ್ಟಿಯಾ?’

‘ಪಾತ್ರ, ಬ್ಯಾರಿಗಳೇ’ ಎಂದು ಸದಾನಂದಣ್ಣ ನಕ್ಕರು.

ಬ್ರೆಂಡನ್‌ಗೆ ಭಾಷೆ ಒಂದಕ್ಷರ ತಿಳಿಯದಿದ್ದರೂ ಕಥೆ ತಿಳಿದಿತ್ತು. ‘ಯಾರು ಗೆದ್ದರು?’ ಎಂದು ನನ್ನ ಕಿವಿಯಲ್ಲಿ ಕೇಳಿದರು. ಕಾನೂನು ಎಂದೆ. ‘ನಮ್ಮಲ್ಲೂ ಮೊದಲ ಸಲ ಅದೇ ಗೆದ್ದದ್ದು’ ಎಂದು ಅವರು ಚಹಾದ ಗ್ಲಾಸ್ ಕೆಳಗಿಟ್ಟರು.

ನಾನು ಸದಾನಂದಣ್ಣನನ್ನು ಗಾಡಿಯಲ್ಲಿ ರೂಮಿಗೆ ಬಿಡಲು ಹೊರಟೆ. ಅವರೇ ಹೇಳಿದರು, ‘ಆ ಹಿರಿಯನ ವಾದದಲ್ಲಿ ಒಂದು ಸಂದು ಉಂಟು, ಭಾಸ್ಕರಣ್ಣ. ನಿಮಗೆ ಸಿಕ್ಕಲಿಲ್ಲ. ನನಗೂ ಸಿಕ್ಕಿರಲಿಲ್ಲ. ಹೇಳ್ತಾ ಇರುವಾಗ ಸಿಕ್ಕಿತು.’

‘ಎಂತ ಅದು?’

‘ನಾಳಿದ್ದು ಮ್ಯಾನೇಜರಲ್ಲಿಗೆ ಹೋಗುವ.’

ಆ ಎರಡು ದಿನ ನಾನು ಸುಮ್ಮನೆ ಕೂರಲಿಲ್ಲ. ತಾಳಮದ್ದಳೆಯಲ್ಲಿ ಕೈಕೊಟ್ಟ ಮಾತುಗಳನ್ನೆಲ್ಲ ಒಟ್ಟುಗೂಡಿಸಿ ಇಂಗ್ಲಿಷಿನಲ್ಲಿ ಒಂದು ಭಾಷಣ ಸಿದ್ಧಪಡಿಸಿದೆ. ಅದರಲ್ಲಿ ನುವದ, ಧೃತರಾಷ್ಟ್ರ, ದೇವಾಪಿ ಮೂವರೂ ಇದ್ದರು. ಕನ್ನಡಿಯ ಮುಂದೆ ಹೇಳಿ ನೋಡಿದಾಗ ನನಗೇ ಭಯವಾಗುವಷ್ಟು ಚೆನ್ನಾಗಿತ್ತು. ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮ್ಯಾನೇಜರರ ಬಾಗಿಲಿಗೆ ಹೋದರೆ ಸದಾನಂದಣ್ಣ ನನ್ನ ಭುಜ ತಟ್ಟಿ, ‘ನೀವು ಹೊರಗೆ ಕೂರಿ’ ಎಂದರು.

‘ನಿಮ್ಮ ಇಂಗ್ಲಿಷು?’

‘ಇರುವಷ್ಟು ಸಾಕು.’

ಗಾಜಿನ ಗೋಡೆಯಾಚೆ ಅವರು ಮಾತಾಡುವುದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಎಡಗೈ ಮೆಲ್ಲನೆ ಆಡುತ್ತಿತ್ತು. ಅದಕ್ಕಿನ್ನೂ ಅಭ್ಯಾಸ ಸಾಲದು, ಸ್ವಲ್ಪ ತಡವಾಗಿ ಏಳುತ್ತಿತ್ತು. ಮ್ಯಾನೇಜರು ಮೊದಲು ಕಂಪ್ಯೂಟರ್ ನೋಡುತ್ತಿದ್ದವರು ಆಮೇಲೆ ಇವರನ್ನು ನೋಡಿದರು. ತಲೆಯಾಡಿಸಿದರು. ಮತ್ತೆ ತಲೆಯಾಡಿಸಿದರು. ಆಮೇಲೆ ಅವರ ತಲೆ ನಿಂತೇ ಹೋಯಿತು.

ಸದಾನಂದಣ್ಣ ಹೊರಗೆ ಬಂದು ನೀರು ಕುಡಿದರು.

‘ಎಂತಾಯ್ತು?’

‘ಇರಿ ಅಂದರು. ಸದ್ಯಕ್ಕೆ ಅದೇ ಕೆಲಸದಲ್ಲಿ ಇರಿ, ಮುಂದೆ ನೋಡುವ ಅಂತ.’

‘ಹಾಗೆಲ್ಲ ಒಪ್ಪುವ ಜನ ಅಲ್ಲ ಅದು! ನೀವು ಎಂತ ಹೇಳಿದ್ದು?’

‘ಮೊದಲು ಅವರ ಪಾತ್ರ ನಾನೇ ಹೇಳಿದೆ. ಗಿರಾಕಿಗಳು ಬರ್ತಾರೆ, ಕೈ ನೋಡ್ತಾರೆ, ಕಂಪನಿಗೆ ಕೆಟ್ಟ ಹೆಸರು, ಎಲ್ಲ ನಾನೇ ಹೇಳಿದೆ. ಹೌದು ಹೌದು ಅಂದರು. ಅವರಿಗೆ ಹೇಳ್ಲಿಕ್ಕೆ ಬೇರೆ ಎಂತದೂ ಉಳಿಯಲಿಲ್ಲ.’ ಅವರು ಇನ್ನೊಂದು ಗುಟುಕು ಕುಡಿದರು. ‘ಆಮೇಲೆ ಕೇಳಿದೆ. ಗಿರಾಕಿ ಯಾವಾಗಲೋ ಒಮ್ಮೆ ಬಂದು ನನ್ನ ಕೈ ನೋಡುದು. ನಾನು ಊರಿಗೆ ಹೋದರೆ ಒಳಗೆ ಕೆಲಸ ಮಾಡುವವರು ದಿನಾ ನನ್ನ ಖಾಲಿ ಜಾಗ ನೋಡುದು. ಅದೇ ಯಂತ್ರದ ಎದುರು ನಿಂತುಕೊಂಡು. ಅವರು ಎಂತ ಎಣಿಸಿಯಾರು ಸರ್ ಅಂತ.’

ನನಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ. ನುವದನನ್ನು ಇಳಿಸಿದ ಸಭೆಯಲ್ಲೂ ಅದನ್ನು ಯಾರೂ ಕೇಳಿರಲಿಕ್ಕಿಲ್ಲ. ನಾಳೆ ಕತ್ತಿ ಹಿಡಿಯಬೇಕಾದ ಸೈನಿಕರು ಸಿಂಹಾಸನದಲ್ಲಿ ನುವದನಿಲ್ಲದ್ದನ್ನು ನೋಡಿ ಏನೆಂದುಕೊಂಡರೋ!

ಸದಾನಂದಣ್ಣ ಮತ್ತೆ ವರ್ಷಗಟ್ಟಲೆ ಅಲ್ಲಿದ್ದರು; ತಮಗೆ ಸಾಕೆನಿಸಿದಾಗ ತಾವಾಗಿಯೇ ಹೊರಟರು. ಆ ಗರಗಸದ ಯಂತ್ರಕ್ಕೆ ಕಬ್ಬಿಣದ ಮರೆ ಬಂತು. ಗಿರಾಕಿಗಳು ಬಂದಾಗ ಅವರು ಎಡಗೈ ಮುಂದೆ ಚಾಚುತ್ತಿದ್ದರು. ಬಂದವರು ಅರೆಕ್ಷಣ ತಬ್ಬಿಬ್ಬಾಗಿ ತಾವೂ ಎಡಗೈ ಕೊಡುತ್ತಿದ್ದರು.

ಆ ಭಾನುವಾರ ಸಂಜೆ ನಾನು ಮನೆಗೆ ಬಂದದ್ದು ಮಾತ್ರ ಬಹಳ ಅಸಮಾಧಾನದಿಂದ. ಎಲ್ಲ ಒಳ್ಳೆಯದೇ ಆಗಿತ್ತು, ನಿಜ. ಆದರೆ ನನ್ನ ಭಾಷಣ? ‘ಅಷ್ಟು ಒಳ್ಳೆಯ ಸಿಟ್ಟು ಪೂರ್ತಿ ಹಾಗೆಯೇ ಉಳಿಯಿತಲ್ಲ!’ ಎಂದು ವಿಜಯಳ ಮುಂದೆ ಗೋಳು ಹೇಳಿಕೊಂಡೆ.

‘ಹಾಳಾಗುದು ಬೇಡ’ ಎಂದಳು ಅವಳು. ‘ಕೆಳಗಿನ ಫ್ಲಾಟಿನವರು ಇವತ್ತೂ ನಮ್ಮ ಜಾಗದಲ್ಲಿ ಗಾಡಿ ನಿಲ್ಲಿಸಿದ್ದಾರೆ. ಹೋಗಿ ಅವರಿಗೆ ಹೇಳಿ ಬನ್ನಿ.’

ಮೆಟ್ಟಿಲಿಳಿದು ಹೋಗಿ ಬೆಲ್ ಒತ್ತಿದೆ. ದೇವಾಪಿಯಿಂದ ಶುರು ಮಾಡುವುದೋ ಧೃತರಾಷ್ಟ್ರನಿಂದಲೋ ಎಂದು ಯೋಚಿಸುತ್ತಿರುವಾಗ ಬಾಗಿಲು ತೆರೆಯಿತು. ಪಾಲಕ್ಕಾಡಿನ ಆ ಮನುಷ್ಯ ನನ್ನ ಮುಖ ನೋಡಿದ್ದೇ, ‘ಅಯ್ಯೋ, ಸಾರಿ ಚೇಟಾ!’ ಎನ್ನುತ್ತ ಗಾಡಿಯ ಬೀಗದ ಕೈ ಹಿಡಿದು ಬರಿಗಾಲಲ್ಲೇ ಓಡಿದ.